ಮನೆಯ ಡೆಸ್ಕ್‌ಟಾಪ್‌ನಲ್ಲಿ ಜೋಡಿ ಹಾರ್ಡ್ ಡಿಸ್ಕ್: ಮಿರರ್ ಅಳವಡಿಕೆಯ ಸಮಗ್ರ ಮಾರ್ಗದರ್ಶಿ

ಹಾರ್ಡ್ ಡಿಸ್ಕ್ ಎಂಬುದು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ಯಂತ್ರ. ತಿರುಗುವ ಯಂತ್ರ ಒಂದಲ್ಲ ಒಂದು ದಿನ ನಿಂತೇ ನಿಲ್ಲುತ್ತದೆ. ಆ ದಿನ ಯಾವುದೆಂದು ಮುಂಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಒಂದು ಡಿಸ್ಕ್ ನಿಂತರೂ ಕೆಲಸ ನಿಲ್ಲದಂತೆ, ಒಂದೇ ಮಾಹಿತಿಯನ್ನು ಏಕಕಾಲಕ್ಕೆ ಎರಡು ಡಿಸ್ಕ್‌ಗಳಲ್ಲಿ ಬರೆಯುವ ವ್ಯವಸ್ಥೆಗೆ ಮಿರರ್ ಅಥವಾ ರೇಡ್ 1 ಎಂದು ಹೆಸರು. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಪ್ರಕಟಿಸಿದ ಪ್ರಬಂಧವು ರೇಡ್ ಎಂಬ ಹೆಸರನ್ನು ಬಳಕೆಗೆ ತಂದಿತು. ಡಿಸ್ಕ್‌ಗಳನ್ನು ಜೋಡಿಯಾಗಿ ಇರಿಸುವ ಪದ್ಧತಿ ಅದಕ್ಕೂ ಹಳೆಯದು. ಪ್ರಬಂಧವು ಅದನ್ನು ತನ್ನ ಹಂತಗಳಲ್ಲಿ ಮೊದಲನೆಯದೆಂದು ಎಣಿಸಿತು.

ಇಂದು ಮಿರರ್ ಕಟ್ಟುವುದು ಪರದೆಯ ಮೇಲೆ ಕೆಲವೇ ನಿಮಿಷಗಳ ಕೆಲಸ. ಆದರೆ ಅದರ ನಿಜವಾದ ಬೆಲೆ ತಿಳಿಯುವುದು ಎರಡರಲ್ಲಿ ಒಂದು ಡಿಸ್ಕ್ ಕೆಟ್ಟ ದಿನ. ಅಂದು ಕೆಟ್ಟದ್ದು ಯಾವುದೆಂದು ಗುರುತಿಸಲು ಬಾರದಿದ್ದರೆ, ಕೆಟ್ಟಿರುವ ಸಂಗತಿಯೇ ತಿಂಗಳುಗಟ್ಟಲೆ ಗಮನಕ್ಕೆ ಬಾರದಿದ್ದರೆ, ಹೊಸ ಡಿಸ್ಕನ್ನು ಸೇರಿಸುವ ಕ್ರಮ ಗೊತ್ತಿರದಿದ್ದರೆ, ಎರಡು ಡಿಸ್ಕ್‌ಗಳಿಗೆ ಹಣ ಹಾಕಿದ್ದೂ ವ್ಯರ್ಥವಾಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮಿರರ್ ಕಟ್ಟುವ ಹಂತಕ್ಕಿಂತ ಅದರ ಹಿಂದಿನ ಮತ್ತು ಮುಂದಿನ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮಿರರ್ ಯಾವುದರಿಂದ ಕಾಪಾಡುತ್ತದೆ

ಒಂದು ಡಿಸ್ಕ್ ಯಾಂತ್ರಿಕವಾಗಿ ಅಥವಾ ವಿದ್ಯುತ್ ದೋಷದಿಂದ ಕೆಟ್ಟಾಗ ಮಾತ್ರ ಮಿರರ್ ಕಾಪಾಡುತ್ತದೆ. ನೀವು ಕಡತವೊಂದನ್ನು ಅಳಿಸಿದರೆ ಅದು ಅದೇ ಕ್ಷಣದಲ್ಲಿ ಎರಡೂ ಡಿಸ್ಕ್‌ಗಳಿಂದ ಅಳಿಸಿಹೋಗುತ್ತದೆ. ಸುಲಿಗೆ ತಂತ್ರಾಂಶವೊಂದು ನಿಮ್ಮ ಕಡತಗಳನ್ನು ಗೂಢಲಿಪಿಗೆ ತಿರುಗಿಸಿದರೆ ಎರಡು ಪ್ರತಿಗಳೂ ಒಟ್ಟಿಗೆ ತಿರುಗುತ್ತವೆ. ಕಂಪ್ಯೂಟರ್ ಕಳುವಾದರೆ, ಬೆಂಕಿಗೆ ಸಿಕ್ಕಿದರೆ, ಪವರ್ ಸಪ್ಲೈ ಕೆಟ್ಟು ಅತಿ ವೋಲ್ಟೇಜ್ ಹರಿಸಿದರೆ, ಒಂದೇ ಪೆಟ್ಟಿಗೆಯಲ್ಲಿರುವ ಎರಡು ಡಿಸ್ಕ್‌ಗಳೂ ಒಟ್ಟಿಗೆ ಹೋಗಬಹುದು. ಹಾಗಾಗಿ ಮಿರರ್ ಇದ್ದರೂ ಬ್ಯಾಕಪ್ ಬೇಕೇ ಬೇಕು. ಮಾಹಿತಿಯ 3 ಪ್ರತಿ, 2 ಬಗೆಯ ಮಾಧ್ಯಮ, ಅದರಲ್ಲಿ 1 ಪ್ರತಿ ಬೇರೆ ಜಾಗದಲ್ಲಿ ಎಂಬ ಲೆಕ್ಕದಲ್ಲಿ ಮಿರರ್‌ನ ಎರಡು ಡಿಸ್ಕ್‌ಗಳನ್ನು ಒಂದೇ ಪ್ರತಿಯೆಂದು ಎಣಿಸಬೇಕು. ನಿಮ್ಮಲ್ಲಿ ಈಗ ಒಂದು ಹೆಚ್ಚುವರಿ ಡಿಸ್ಕ್ ಮಾತ್ರ ಇದ್ದು, ಬ್ಯಾಕಪ್ ಎಂಬುದು ಇನ್ನೂ ಇಲ್ಲವಾದರೆ, ಆ ಡಿಸ್ಕನ್ನು ಮಿರರ್‌ಗೆ ಕೊಡಬೇಡಿ. ಹೊರಗಿನ ಪೆಟ್ಟಿಗೆಯಲ್ಲಿಟ್ಟು ಬ್ಯಾಕಪ್‌ಗೆ ಬಳಸಿ. ಮೊದಲು ಬ್ಯಾಕಪ್, ಆಮೇಲೆ ಮಿರರ್. ಈ ಕ್ರಮವನ್ನು ತಿರುಗಿಸಲು ನನಗೆ ಯಾವ ಕಾರಣವೂ ಕಂಡಿಲ್ಲ.

ವೇಗದ ವಿಷಯವನ್ನು ಬೇಗ ಮುಗಿಸಬಹುದು. ಬರೆಯುವ ವೇಗ ಎರಡರಲ್ಲಿ ನಿಧಾನವಾದ ಡಿಸ್ಕ್‌ನಷ್ಟೇ ಇರುತ್ತದೆ. ಓದುವ ವೇಗ ತಂತ್ರಾಂಶವನ್ನು ಅವಲಂಬಿಸಿ ಸ್ವಲ್ಪ ಹೆಚ್ಚಬಹುದು. ಗಾತ್ರ ಎರಡರಲ್ಲಿ ಚಿಕ್ಕ ಡಿಸ್ಕ್‌ನಷ್ಟು. ಅಂದರೆ 4 ಟೆರಾಬೈಟ್‌ನ ಎರಡು ಡಿಸ್ಕ್‌ಗಳಿಂದ ನಿಮಗೆ ಸಿಗುವುದು 4 ಟೆರಾಬೈಟ್. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಹೀಗಾಗಿ ಪರದೆಯ ಮೇಲೆ ಅದು 3.63 ಎಂದು ಕಾಣುತ್ತದೆ. ಇದು ದೋಷವಲ್ಲ.

ಡಿಸ್ಕ್‌ಗಳನ್ನು ಆರಿಸುವುದು

ಎರಡೂ ಒಂದೇ ಗಾತ್ರದವಾಗಿರಲಿ. ಒಂದೇ ತಯಾರಕರದ್ದಾಗಿರಬೇಕೆಂಬ ನಿಯಮವಿಲ್ಲ. ಬೇರೆ ಬೇರೆಯಾಗಿದ್ದರೆ ಒಳಿತೇ ಹೆಚ್ಚು. ಒಂದೇ ದಿನ, ಒಂದೇ ತಯಾರಿಕಾ ಕಂತಿನಿಂದ ಬಂದ ಎರಡು ಡಿಸ್ಕ್‌ಗಳು ಒಂದೇ ದೋಷವನ್ನು ಹೊತ್ತು ಬಂದಿರಬಹುದು. ಮಿರರ್‌ನಲ್ಲಿ ಎರಡಕ್ಕೂ ಒಂದೇ ಪ್ರಮಾಣದ ಬರವಣಿಗೆ, ಒಂದೇ ಬಿಸಿ, ಒಂದೇ ಕಂಪನ ಬೀಳುವುದರಿಂದ ಹತ್ತಿರ ಹತ್ತಿರದ ಸಮಯದಲ್ಲೇ ಕೆಡುವ ಸಾಧ್ಯತೆ ಹೆಚ್ಚುತ್ತದೆ. ಕನಿಷ್ಠ ಎರಡನ್ನು ಬೇರೆ ಬೇರೆ ಕಡೆಯಿಂದ ಕೊಂಡರೆ ಕಂತುಗಳು ಬೇರೆಯಾಗುವ ಸಂಭವ ಇರುತ್ತದೆ. ಲೇಬಲ್ ಮೇಲೆ ತಯಾರಿಕೆಯ ದಿನಾಂಕ ಸಾಮಾನ್ಯವಾಗಿ ಮುದ್ರಿತವಾಗಿರುತ್ತದೆ, ಹೋಲಿಸಿ ನೋಡಿ.

ಮುಖ್ಯವಾಗಿ ಗಮನಿಸಬೇಕಾದದ್ದು ಡಿಸ್ಕ್ ಬರೆಯುವ ವಿಧಾನ. ಸಾಂಪ್ರದಾಯಿಕ ವಿಧಾನವಾದ ಸಿಎಂಆರ್‌ನಲ್ಲಿ ಪಥಗಳು ಒಂದರ ಪಕ್ಕ ಒಂದಿರುತ್ತವೆ. ಎಸ್‌ಎಂಆರ್ ಎಂಬ ಇನ್ನೊಂದು ವಿಧಾನದಲ್ಲಿ ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದು ಪಥ ಇನ್ನೊಂದರ ಅಂಚಿನ ಮೇಲೆ ಬರುತ್ತದೆ. ಆದ್ದರಿಂದ ನಡುವೆ ಒಂದಿಷ್ಟನ್ನು ತಿದ್ದಬೇಕಾದರೆ ಪಕ್ಕದ ಪಥಗಳನ್ನೂ ಮತ್ತೆ ಬರೆಯಬೇಕು. ದಿನನಿತ್ಯದ ಬಳಕೆಯಲ್ಲಿ ಇದು ಗೊತ್ತಾಗದಿದ್ದರೂ, ಕೆಟ್ಟ ಡಿಸ್ಕಿನ ಬದಲಿಗೆ ಹೊಸದನ್ನು ಹಾಕಿ ಪೂರ್ತಿ ಮಾಹಿತಿಯನ್ನು ನಕಲಿಸುವಾಗ ವೇಗ ಕುಸಿದು, ಕೆಲವೊಮ್ಮೆ ವ್ಯವಸ್ಥೆಯು ಆ ಡಿಸ್ಕ್ ಕೆಟ್ಟಿದೆ ಎಂದೇ ತೀರ್ಮಾನಿಸಿ ಹೊರಗಿಡಬಹುದು. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆ ತನ್ನ ರೆಡ್ ಸರಣಿಯ 2ರಿಂದ 6 ಟೆರಾಬೈಟ್‌ವರೆಗಿನ ಕೆಲವು ಮಾದರಿಗಳು ಎಸ್‌ಎಂಆರ್ ಎಂದು ಒಪ್ಪಿಕೊಂಡ ಮೇಲೆ ತಯಾರಕರು ಈ ವಿವರವನ್ನು ಬಹಿರಂಗವಾಗಿ ಪ್ರಕಟಿಸತೊಡಗಿದರು. ಕೊಳ್ಳುವ ಮೊದಲು ಮಾದರಿ ಸಂಖ್ಯೆಯನ್ನು ತಯಾರಕರ ವಿವರಪಟ್ಟಿಯಲ್ಲಿ ಹುಡುಕಿ, ಸಿಎಂಆರ್ ಎಂಬುದನ್ನು ಖಚಿತಪಡಿಸಿಕೊಳ್ಳಿ.

ನಾಸ್‌ಗೆಂದು, ಅಂದರೆ ಜಾಲಕ್ಕೆ ಜೋಡಿಸಿ ಬಳಸುವ ಸಂಗ್ರಹ ಪೆಟ್ಟಿಗೆಗೆಂದು, ತಯಾರಾದ ಡಿಸ್ಕ್‌ಗಳಿಗೆ ಮತ್ತೊಂದು ಗುಣವಿದೆ. ಓದಲಾಗದ ಸೆಕ್ಟರ್ (ಡಿಸ್ಕ್ ಮಾಹಿತಿ ಇಡುವ ಚಿಕ್ಕ ತುಣುಕು) ಎದುರಾದರೆ ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಬಹಳ ಹೊತ್ತು ಪದೇ ಪದೇ ಪ್ರಯತ್ನಿಸುತ್ತಾ ಕೂರುತ್ತದೆ, ಏಕೆಂದರೆ ತನ್ನ ಬಳಿ ಇರುವುದೇ ಏಕೈಕ ಪ್ರತಿ ಎಂಬುದು ಅದರ ಊಹೆ. ನಾಸ್ ಡಿಸ್ಕ್ ಸುಮಾರು 7 ಸೆಕೆಂಡುಗಳಲ್ಲಿ ಕೈಬಿಟ್ಟು ದೋಷವನ್ನು ವರದಿ ಮಾಡುತ್ತದೆ. ಆಗ ಮಿರರ್ ತಂತ್ರಾಂಶವು ಅದೇ ಭಾಗವನ್ನು ಇನ್ನೊಂದು ಡಿಸ್ಕಿನಿಂದ ಓದಿ ಮುಂದುವರಿಯುತ್ತದೆ. ಜೋಡಿಯಾಗಿ ಬಳಸುವವರಿಗೆ ಬೇಕಾದ ನಡವಳಿಕೆ ಇದೇ.

ಯಾವ ದಾರಿಯಲ್ಲಿ ಕಟ್ಟಬೇಕು

ಮಿರರನ್ನು ಮದರ್‌ಬೋರ್ಡ್‌ನ ಬಯೋಸ್ (ಕಂಪ್ಯೂಟರ್ ಚಾಲೂ ಆದ ಕೂಡಲೇ ಓಡುವ ಮೂಲ ತಂತ್ರಾಂಶ) ಮೂಲಕ, ಪ್ರತ್ಯೇಕ ರೇಡ್ ಕಾರ್ಡ್ ಮೂಲಕ ಅಥವಾ ಆಪರೇಟಿಂಗ್ ಸಿಸ್ಟಮ್ ಮೂಲಕ ಕಟ್ಟಬಹುದು. ಮನೆಯ ಬಳಕೆಗೆ ಮೂರನೆಯದೇ ಸರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮದರ್‌ಬೋರ್ಡ್‌ನ ರೇಡ್ ನೋಡಲು ಯಂತ್ರಾಂಶದಂತೆ ಕಂಡರೂ ಅದರ ಹೆಚ್ಚಿನ ಕೆಲಸವನ್ನು ಡ್ರೈವರ್ ತಂತ್ರಾಂಶವೇ ಮಾಡುತ್ತದೆ. ಮದರ್‌ಬೋರ್ಡ್ ಕೆಟ್ಟರೆ ಅದೇ ಕುಟುಂಬದ ಇನ್ನೊಂದನ್ನು ಹುಡುಕುವ ಪರಿಸ್ಥಿತಿ ಬರಬಹುದು. ಅಲ್ಲದೆ, ಈಗಾಗಲೇ ವಿಂಡೋಸ್ ಸ್ಥಾಪಿಸಿರುವ ಕಂಪ್ಯೂಟರ್‌ನಲ್ಲಿ ಸಾಟಾ (ಡಿಸ್ಕ್‌ಗಳನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಂಪರ್ಕ) ವಿಧಾನವನ್ನು ಬಯೋಸ್‌ನಲ್ಲಿ ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನದಿಂದ ರೇಡ್‌ಗೆ ಬದಲಿಸಿದರೆ ವಿಂಡೋಸ್ ಬೂಟ್ ಆಗದೇ ಹೋಗಬಹುದು. ರೇಡ್ ಕಾರ್ಡ್‌ನಲ್ಲಿಯೂ ಇಡೀ ವ್ಯವಸ್ಥೆ ಒಂದು ಕಾರ್ಡ್‌ನ ಮೇಲೆ ನಿಂತಿರುತ್ತದೆ. ಆಪರೇಟಿಂಗ್ ಸಿಸ್ಟಮ್ ಕಟ್ಟಿದ ಮಿರರ್ ಆದರೆ, ಎರಡೂ ಡಿಸ್ಕ್‌ಗಳನ್ನು ಬಿಚ್ಚಿ ಅದೇ ಸಿಸ್ಟಮ್ ಇರುವ ಬೇರಾವುದೇ ಕಂಪ್ಯೂಟರ್‌ಗೆ ಹಾಕಿದರೂ ಗುರುತಿಸಿಕೊಳ್ಳುತ್ತದೆ.

ವಿಂಡೋಸ್‌ನಲ್ಲಿ ಎರಡು ಸೌಲಭ್ಯಗಳಿವೆ. ವಿಂಡೋಸ್ 2000ರ ಕಾಲದಿಂದ ಬಂದ ಡೈನಮಿಕ್ ಡಿಸ್ಕ್ ಎಂಬ ಹಳೆಯ ವಿಧಾನವನ್ನು ಮೈಕ್ರೋಸಾಫ್ಟ್ ಈಗ ಹಿಂದಕ್ಕೆ ಸರಿಸುತ್ತಿದೆ. ಹೋಮ್ ಆವೃತ್ತಿಯಲ್ಲಿ ಅದು ಸಿಗುವುದಿಲ್ಲ, ಬಿಟ್‌ಲಾಕರ್ ಗೂಢಲಿಪೀಕರಣವೂ ಅದರ ಮೇಲೆ ನಡೆಯುವುದಿಲ್ಲ. ವಿಂಡೋಸ್ 8ರೊಂದಿಗೆ 2012ರಲ್ಲಿ ಬಂದ ಸ್ಟೋರೇಜ್ ಸ್ಪೇಸಸ್ ಹೋಮ್ ಆವೃತ್ತಿಯಲ್ಲಿಯೂ ಇದೆ. ಹೊಸದಾಗಿ ಕಟ್ಟುವವರು ಅದನ್ನೇ ಬಳಸಿರಿ. ಮನೆಯ ವಿಂಡೋಸ್ ಸ್ಟೋರೇಜ್ ಸ್ಪೇಸಸ್‌ನಿಂದ ಬೂಟ್ ಆಗುವುದಿಲ್ಲ ಎಂಬುದು ಅದರ ಮಿತಿ, ಆದರೆ ಇದರಿಂದ ನಷ್ಟವಿಲ್ಲ. ವಿಂಡೋಸ್ ಪ್ರತ್ಯೇಕ ಎಸ್‌ಎಸ್‌ಡಿಯಲ್ಲಿರಲಿ, ಮಿರರ್ ನಿಮ್ಮ ಚಿತ್ರ, ದಾಖಲೆ, ಬರಹಗಳಿಗೆ ಮೀಸಲಾಗಿರಲಿ. ವಿಂಡೋಸನ್ನು ಮತ್ತೆ ಸ್ಥಾಪಿಸಬಹುದು, ಮಗುವಿನ ಮೊದಲ ಹೆಜ್ಜೆಯ ವಿಡಿಯೋವನ್ನು ಮತ್ತೆ ತೆಗೆಯಲಾಗದು.

ಪೆಟ್ಟಿಗೆ ತೆರೆಯುವ ಮುನ್ನ

ಮದರ್‌ಬೋರ್ಡ್‌ನ ಕೈಪಿಡಿಯನ್ನು ತೆರೆದು ಎರಡು ಸಾಟಾ ಪೋರ್ಟ್ ಖಾಲಿ ಇವೆಯೇ ಎಂದು ನೋಡಿ. ಹಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದರೆ ಒಂದೆರಡು ಸಾಟಾ ಪೋರ್ಟ್‌ಗಳು ತಾವಾಗಿ ನಿಷ್ಕ್ರಿಯಗೊಳ್ಳುತ್ತವೆ. ಯಾವ ಪೋರ್ಟ್ ಎಂಬುದು ಕೈಪಿಡಿಯ ಪಟ್ಟಿಯಲ್ಲಿರುತ್ತದೆ. ಹೊಸ ಡಿಸ್ಕ್ ಬಯೋಸ್‌ನಲ್ಲಿ ಕಾಣುತ್ತಿಲ್ಲ ಎಂಬ ದೂರುಗಳಲ್ಲಿ ಹಲವಕ್ಕೆ ಮೂಲ ಇದೇ.

ಪ್ರತಿ ಡಿಸ್ಕ್‌ಗೆ 7 ಪಿನ್‌ನ ಒಂದು ಡೇಟಾ ಕೇಬಲ್, ಪವರ್ ಸಪ್ಲೈನಿಂದ ಬರುವ 15 ಪಿನ್‌ನ ಒಂದು ವಿದ್ಯುತ್ ಕನೆಕ್ಟರ್ ಬೇಕು. ಪವರ್ ಸಪ್ಲೈ ಬಿಚ್ಚಿ ಜೋಡಿಸುವ ಕೇಬಲ್‌ಗಳದ್ದಾದರೆ, ಅದರ ಜೊತೆಗೆ ಬಂದ ಕೇಬಲ್‌ಗಳನ್ನೇ ಬಳಸಬೇಕು. ಇನ್ನೊಂದು ಪವರ್ ಸಪ್ಲೈನ ಕೇಬಲ್ ಅಚ್ಚುಕಟ್ಟಾಗಿ ಕೂರಬಹುದು, ಆದರೆ ಒಳಗಿನ ತಂತಿಗಳ ಕ್ರಮ ಬೇರೆಯಿದ್ದರೆ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಎರಡೂ ಡಿಸ್ಕ್‌ಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಮಿರರ್ ಕೂಡ ಕಾಪಾಡಲಾಗದ ಅನಾಹುತಗಳಲ್ಲಿ ಇದು ಒಂದು. ಹಳೆಯ ನಾಲ್ಕು ಪಿನ್ ಕನೆಕ್ಟರ್‌ನಿಂದ ಸಾಟಾಗೆ ಬದಲಿಸುವ, ಪ್ಲಾಸ್ಟಿಕ್ ಅಚ್ಚಿನಲ್ಲಿ ಎರಕಹೊಯ್ದ ಅಗ್ಗದ ಅಡಾಪ್ಟರ್‌ಗಳಿಂದಲೂ ದೂರವಿರಿ. ಒಳಗೆ ತಂತಿಗಳು ತಾಗಿ ಹೊತ್ತಿಕೊಂಡ ಉದಾಹರಣೆಗಳಿವೆ.

ಈಗ ಒಂದು ಸಣ್ಣ ಕೆಲಸ. ಈ ಇಡೀ ಬರಹದಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸುತ್ತೀರಾದರೆ ಇದನ್ನೇ ಪಾಲಿಸಿ. ಪ್ರತಿ ಡಿಸ್ಕ್‌ನ ಲೇಬಲ್ ಮೇಲಿರುವ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು, ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದಾಗ ಕಾಣುವಂತೆ ಡಿಸ್ಕ್‌ನ ಅಂಚಿಗೆ ಅಂಟಿಸಿ. ಗಾಳಿಯಾಡಲೆಂದು ಬಿಟ್ಟಿರುವ ಸಣ್ಣ ರಂಧ್ರವನ್ನು ಮುಚ್ಚಬೇಡಿ. ಪೂರ್ಣ ಸಂಖ್ಯೆ, ಮಾದರಿ, ಕೊಂಡ ದಿನಾಂಕ, ಯಾವ ಪೋರ್ಟ್‌ಗೆ ಜೋಡಿಸಿದಿರಿ ಎಂಬುದನ್ನು ಕಾಗದದ ಮೇಲೆ ಬರೆದು ಬಿಲ್‌ನ ಜೊತೆ ಇಡಿ. ಒಂದು ಡಿಸ್ಕ್ ಕೆಟ್ಟಾಗ ಗಾಬರಿಯಲ್ಲಿ ಚೆನ್ನಾಗಿರುವ ಡಿಸ್ಕನ್ನೇ ಕಿತ್ತು ಅಳಿಸಿಬಿಡುವುದು ಮಿರರ್‌ಗಳ ಇತಿಹಾಸದಲ್ಲಿ ಮತ್ತೆ ಮತ್ತೆ ನಡೆಯುವ ದುರಂತ. ಅದನ್ನು ತಡೆಯಲು ಈ ಚೀಟಿ ಸಾಕು.

ಜೋಡಿಸುವುದು

ಶಿಫ್ಟ್ ಕೀಲಿಯನ್ನು ಒತ್ತಿಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿ. ಹೀಗೆ ಮಾಡಿದರೆ ವಿಂಡೋಸ್ ತನ್ನ ಫಾಸ್ಟ್ ಸ್ಟಾರ್ಟ್‌ಅಪ್ ಸ್ಥಿತಿಯನ್ನು ಉಳಿಸಿಕೊಳ್ಳದೆ ಪೂರ್ತಿಯಾಗಿ ಆರುತ್ತದೆ. ಪವರ್ ಸಪ್ಲೈನ ಹಿಂಬದಿಯ ಸ್ವಿಚ್ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಕಂಪ್ಯೂಟರಿನ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಉಳಿದ ವಿದ್ಯುತ್ತನ್ನು ಹೊರಹಾಕಿ. ಡಿಸ್ಕ್ ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದರೆ ಮೈಯಲ್ಲಿರುವ ಸ್ಥಿರ ವಿದ್ಯುತ್ತು ಹರಿದುಹೋಗುತ್ತದೆ.

ಎರಡು ಡಿಸ್ಕ್‌ಗಳ ನಡುವೆ ಒಂದು ಖಾನೆ ಖಾಲಿ ಬಿಡಲು ಜಾಗವಿದ್ದರೆ ಬಿಡಿ, ಮುಂಭಾಗದ ಫ್ಯಾನಿನ ಗಾಳಿ ಎರಡರ ಮೇಲೂ ಹಾಯುವಂತಿರಲಿ. ಬಳಕೆಯಲ್ಲಿರುವಾಗ ಡಿಸ್ಕ್‌ನ ಬಿಸಿ 45 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ನೆಮ್ಮದಿಯಿಂದಿರಬಹುದು. ಸ್ಕ್ರೂಗಳನ್ನು ನಾಲ್ಕೂ ಕಡೆ ಹಾಕಿ. ಎರಡೇ ಹಾಕಿ ಬಿಟ್ಟರೆ ಕಂಪನ ಹೆಚ್ಚುತ್ತದೆ. ಡೇಟಾ ಕೇಬಲ್ ಲೋಹದ ಕೊಕ್ಕೆ ಇರುವಂಥದ್ದಾದರೆ ಕ್ಲಿಕ್ ಎಂದು ಕೂರುವವರೆಗೆ ಒತ್ತಿ, ಚೂಪಾಗಿ ಮಡಿಸಬೇಡಿ.

ಕಂಪ್ಯೂಟರ್ ಚಾಲೂ ಮಾಡಿ ಬಯೋಸ್‌ಗೆ ಹೋಗಿ ಎರಡೂ ಡಿಸ್ಕ್‌ಗಳು ಕಾಣುತ್ತಿವೆಯೇ, ಸಾಟಾ ವಿಧಾನ ಎಎಚ್‌ಸಿಐ ಇದೆಯೇ ಎಂದು ನೋಡಿ. ಹಳೆಯ ಎಸ್‌ಎಸ್‌ಡಿಯೇ ಮೊದಲ ಬೂಟ್ ಸಾಧನವಾಗಿ ಉಳಿದಿದೆ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಬೇರೇನನ್ನೂ ಮುಟ್ಟಬೇಡಿ.

ನಂಬುವ ಮೊದಲು ಪರೀಕ್ಷೆ

ಹೊಸ ಡಿಸ್ಕ್ ಎಂದ ಮಾತ್ರಕ್ಕೆ ಒಳ್ಳೆಯ ಡಿಸ್ಕ್ ಎಂದಲ್ಲ. ಸಾಗಣೆಯಲ್ಲಿ ಪೆಟ್ಟು ತಿಂದದ್ದು ಮೊದಲ ಕೆಲವು ದಿನಗಳಲ್ಲೇ ಕೈಕೊಡಬಹುದು. ಪ್ರತಿಯೊಂದು ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ಪಟ್ಟಿಯಲ್ಲಿ ತಾನೇ ಬರೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್ ಮತ್ತು ವಿಂಡೋಸ್ ಎರಡರಲ್ಲಿಯೂ ಜಿಸ್ಮಾರ್ಟ್‌ಕಂಟ್ರೋಲ್ ಎಂಬ ಉಚಿತ ತಂತ್ರಾಂಶಗಳು ಆ ಪಟ್ಟಿಯನ್ನು ತೋರಿಸುತ್ತವೆ. ನೀವು ನೋಡಬೇಕಾದ ಸಾಲುಗಳು ಕೆಲವೇ. 5ನೇ ಸಂಖ್ಯೆಯ ಸಾಲು ಬೇರೆಡೆಗೆ ಸ್ಥಳಾಂತರಿಸಿದ ಕೆಟ್ಟ ಸೆಕ್ಟರ್‌ಗಳನ್ನೂ, 197 ಸಂದೇಹದಲ್ಲಿರುವ ಸೆಕ್ಟರ್‌ಗಳನ್ನೂ, 198 ಓದಲಾಗದೇ ಹೋದವನ್ನೂ ಎಣಿಸುತ್ತದೆ. ಹೊಸ ಡಿಸ್ಕ್‌ನಲ್ಲಿ ಮೂರೂ ಸೊನ್ನೆ ಇರಬೇಕು. 199ನೇ ಸಾಲು ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್‌ನದ್ದು, ಡಿಸ್ಕ್‌ನದ್ದಲ್ಲ. 9ನೇ ಸಾಲು ಡಿಸ್ಕ್ ಒಟ್ಟು ಎಷ್ಟು ಗಂಟೆ ಓಡಿದೆ ಎಂದು ಹೇಳುತ್ತದೆ. ಹೊಸದೆಂದು ಕೊಂಡದ್ದು ಸಾವಿರಾರು ಗಂಟೆ ತೋರಿಸಿದರೆ ಆ ಕೂಡಲೇ ಹಿಂದಿರುಗಿಸಿ.

ಆಮೇಲೆ ಎರಡಕ್ಕೂ ದೀರ್ಘ ಸ್ವಯಂಪರೀಕ್ಷೆಯನ್ನು ಆರಂಭಿಸಿ. ಡಿಸ್ಕ್ ತನ್ನ ಪ್ರತಿಯೊಂದು ಸೆಕ್ಟರನ್ನೂ ಓದಿ ನೋಡುತ್ತದೆ. ಸೆಕೆಂಡಿಗೆ ಸರಾಸರಿ 150 ಮೆಗಾಬೈಟ್ ಓದಿದರೂ 4 ಟೆರಾಬೈಟ್‌ಗೆ ಸುಮಾರು ಏಳೂವರೆ ಗಂಟೆ ಬೇಕು. ರಾತ್ರಿ ಹಚ್ಚಿಟ್ಟರೆ ಬೆಳಗ್ಗೆಗೆ ಮುಗಿದಿರುತ್ತದೆ, ಕಂಪ್ಯೂಟರ್ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿಕೊಂಡಿರಿ. ಬಯಸಿದರೆ ಡಿಸ್ಕ್ ತುಂಬ ಒಮ್ಮೆ ಬರೆದು ಮತ್ತೆ ಓದುವ ಪೂರ್ಣ ಫಾರ್ಮ್ಯಾಟನ್ನೂ ಮಾಡಬಹುದು. ಇದಕ್ಕೆ ಕಳೆಯುವ ಒಂದೆರಡು ದಿನ ಖಂಡಿತ ದಂಡವಲ್ಲ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ದೋಷ ಹೊರಬೀಳುವುದು ಎಷ್ಟೋ ಮೇಲು.

ವಿಂಡೋಸ್‌ನಲ್ಲಿ ಮಿರರ್ ಕಟ್ಟುವುದು

ಮುಂದಿನ ಹಂತದಲ್ಲಿ ಎರಡೂ ಡಿಸ್ಕ್‌ಗಳಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಅವುಗಳಲ್ಲಿ ಒಂದರಲ್ಲಿ ಈಗಾಗಲೇ ಕಡತಗಳಿದ್ದರೆ ಮೊದಲು ಬೇರೆಡೆಗೆ ನಕಲಿಸಿ, ನಕಲುಗಳು ತೆರೆಯುತ್ತವೆಯೇ ಎಂದು ನಾಲ್ಕಾರು ಕಡೆ ನೋಡಿ, ಆಮೇಲೆ ಮುಂದುವರಿಯಿರಿ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸ್ಟೋರೇಜ್ ಸ್ಪೇಸಸ್ ತೆರೆದು, ಹೊಸ ಪೂಲ್ (ಡಿಸ್ಕ್‌ಗಳ ಗುಂಪು) ಮತ್ತು ಸ್ಟೋರೇಜ್ ಸ್ಪೇಸ್ (ಆ ಗುಂಪಿನ ಮೇಲೆ ಕಟ್ಟುವ ಡ್ರೈವ್) ರಚಿಸುವ ಕೊಂಡಿಯನ್ನು ಒತ್ತಿ. ಪೂಲ್‌ಗೆ ಸೇರಿಸಬಹುದಾದ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಹೊರಗಿನ ಯುಎಸ್‌ಬಿ ಡಿಸ್ಕ್ ಏನಾದರೂ ಸಿಕ್ಕಿಸಿದ್ದರೆ ಅದೂ ಇಲ್ಲಿ ಕಾಣಬಹುದು. ಅದಕ್ಕೆ ಗುರುತು ಬಿದ್ದುಬಿಟ್ಟರೆ ನಿಮ್ಮ ಬ್ಯಾಕಪ್ಪೇ ಅಳಿಸಿಹೋದೀತು, ಆದ್ದರಿಂದ ಈ ಕೆಲಸಕ್ಕೆ ಕೂರುವ ಮೊದಲೇ ಅಂಥ ಎಲ್ಲವನ್ನೂ ಕಿತ್ತಿಡಿ. ಎರಡು ಹೊಸ ಡಿಸ್ಕ್‌ಗಳನ್ನು ಮಾತ್ರ ಆರಿಸಿ ಪೂಲ್ ರಚಿಸಿ.

ಮುಂದಿನ ಪುಟದಲ್ಲಿ ಹೆಸರು, ಡ್ರೈವ್ ಅಕ್ಷರ, ಕಡತ ವ್ಯವಸ್ಥೆ ಕೇಳುತ್ತದೆ. ಕಡತ ವ್ಯವಸ್ಥೆ ಎನ್‌ಟಿಎಫ್‌ಎಸ್ ಇರಲಿ. ರೆಸಿಲಿಯೆನ್ಸಿ ವಿಧದಲ್ಲಿ ಟೂ-ವೇ ಮಿರರ್ ಆರಿಸಿ. ಸಿಂಪಲ್ ಎಂಬ ಆಯ್ಕೆ ಎರಡೂ ಡಿಸ್ಕ್‌ಗಳ ಪೂರ್ತಿ ಗಾತ್ರವನ್ನು ಕೊಡುತ್ತದೆ, ಆದರೆ ಒಂದು ಕೆಟ್ಟರೆ ಎಲ್ಲವೂ ಹೋಗುತ್ತದೆ. ಗಾತ್ರದ ಆಸೆಗೆ ಅದನ್ನು ಒತ್ತಬೇಡಿ. ಥ್ರೀ-ವೇ ಮಿರರ್‌ಗೆ ಕನಿಷ್ಠ ಐದು ಡಿಸ್ಕ್‌ಗಳು ಬೇಕಾಗುವುದರಿಂದ ಇಲ್ಲಿ ಅದರ ಮಾತಿಲ್ಲ.

ಗಾತ್ರದ ಕಾಲಮ್‌ನಲ್ಲಿ ನಿಜವಾಗಿ ಇರುವುದಕ್ಕಿಂತ ದೊಡ್ಡ ಅಂಕಿಯನ್ನು ಬರೆಯಲು ವಿಂಡೋಸ್ ಬಿಡುತ್ತದೆ. ಮುಂದೆ ಡಿಸ್ಕ್ ಸೇರಿಸುವವರಿಗಾಗಿ ಇರುವ ಸೌಲಭ್ಯವದು. ಎರಡೇ ಡಿಸ್ಕ್ ಇರುವವರು ವಿಂಡೋಸ್ ತಾನಾಗಿ ತುಂಬಿದ ಅಂಕಿಯನ್ನೇ ಇಟ್ಟುಕೊಳ್ಳುವುದು ಕ್ಷೇಮ. ಇಲ್ಲವಾದರೆ ಜಾಗವಿದೆ ಎಂದು ಎಕ್ಸ್‌ಪ್ಲೋರರ್ ತೋರಿಸುತ್ತಿರುವಾಗಲೇ ಪೂಲ್ ತುಂಬಿ ಇಡೀ ಡ್ರೈವ್ ಕಣ್ಮರೆಯಾಗಬಹುದು. ರಚಿಸುವ ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ ಹೊಸ ಡ್ರೈವ್ ಸಿದ್ಧ.

ಕಡತಗಳನ್ನು ಸಾಗಿಸುವ ಮೊದಲು, ಪ್ರೊ ಆವೃತ್ತಿ ಇರುವವರು ಈ ಡ್ರೈವ್‌ಗೆ ಬಿಟ್‌ಲಾಕರ್ ಹಾಕುವುದನ್ನು ಪರಿಶೀಲಿಸಿ. ಕೆಟ್ಟ ಡಿಸ್ಕನ್ನು ಮುಂದೆ ಖಾತರಿಗಾಗಿ ತಯಾರಕರಿಗೆ ಕಳುಹಿಸುವಾಗ ಅದನ್ನು ಅಳಿಸಲು ಸಾಧ್ಯವಿರುವುದಿಲ್ಲ, ಏಕೆಂದರೆ ಅದು ಓಡುತ್ತಲೇ ಇರುವುದಿಲ್ಲ. ಆಗ ಒಳಗಿನ ಕಡತಗಳನ್ನು ಕಾಪಾಡುವುದು ಗೂಢಲಿಪಿಯೊಂದೇ. ಪುನಃಪ್ರಾಪ್ತಿ ಕೀಲಿಯನ್ನು ಇದೇ ಕಂಪ್ಯೂಟರ್‌ನಲ್ಲಿ ಇಡದೆ, ಮುದ್ರಿಸಿ ಬೇರೆಡೆ ಇಡಿ.

ಲಿನಕ್ಸ್ ಬಳಸುವವರಿಗೆ

ಲಿನಕ್ಸ್‌ನಲ್ಲಿ ಬಹುಕಾಲದ ಅನುಭವದಿಂದ ಗಟ್ಟಿಯಾದದ್ದು ಎಂಡಿಎಡಿಎಂ ಎಂಬ ರೇಡ್ ಕಟ್ಟುವ ತಂತ್ರಾಂಶ. ಟರ್ಮಿನಲ್ ಬೇಡವೆನ್ನುವವರು ಕಾಕ್‌ಪಿಟ್ ಎಂಬ ತಂತ್ರಾಂಶವನ್ನು ಸ್ಥಾಪಿಸಿ, ಬ್ರೌಸರ್‌ನಲ್ಲೇ ಅದರ ಸ್ಟೋರೇಜ್ ಪುಟದಿಂದ ರೇಡ್ 1 ಸಾಧನವನ್ನು ರಚಿಸಬಹುದು. ಟರ್ಮಿನಲ್‌ನಲ್ಲಿ ಮಾಡುವವರು ಡಿಸ್ಕ್‌ಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳಿಂದ ಗುರುತಿಸಬೇಡಿ, ಏಕೆಂದರೆ ಮುಂದಿನ ಬೂಟ್‌ನಲ್ಲಿ ಅವು ಅದಲುಬದಲಾಗಬಹುದು. ಸೀರಿಯಲ್ ಸಂಖ್ಯೆಯುಳ್ಳ ಐಡಿ ಹೆಸರುಗಳನ್ನೇ ಬಳಸಿ. ಪ್ರತಿ ಡಿಸ್ಕ್‌ನಲ್ಲಿ ಜಿಪಿಟಿ ಮಾದರಿಯ ಒಂದೇ ಪಾರ್ಟಿಷನ್ ಮಾಡಿ, ಕೊನೆಯಲ್ಲಿ ನೂರಿನ್ನೂರು ಮೆಗಾಬೈಟ್ ಖಾಲಿ ಬಿಡಿ. ಬೇರೆ ತಯಾರಕರ 4 ಟೆರಾಬೈಟ್ ಡಿಸ್ಕ್ ಕೆಲವೇ ಸೆಕ್ಟರ್ ಚಿಕ್ಕದಾಗಿದ್ದರೂ ಮಿರರ್‌ಗೆ ಸೇರದು. ಈ ಖಾಲಿ ಜಾಗ ಆ ತೊಂದರೆಯನ್ನು ನೀಗುತ್ತದೆ. ರಚಿಸಿದ ಮೇಲೆ ವಿವರಗಳನ್ನು ಎಂಡಿಎಡಿಎಂನ ಸಂರಚನಾ ಕಡತಕ್ಕೆ ಸೇರಿಸಿ, ಬೂಟ್ ಆಗುವಾಗ ಮೊದಲು ತೆರೆಯುವ ಆರಂಭಿಕ ರ‍್ಯಾಮ್ ಚಿತ್ರವನ್ನು ನವೀಕರಿಸಿ. ಇದನ್ನು ಬಿಟ್ಟರೆ ಮರುಬೂಟ್ ಆದಾಗ ಸಾಧನದ ಹೆಸರು ಬದಲಾಗಿ ಮೌಂಟ್ ಆಗದಿರಬಹುದು. ಡಿಸ್ಕ್ ಕೆಟ್ಟಾಗ ಎಚ್ಚರಿಕೆ ಬರುವಂತೆ ಅದೇ ಸಂರಚನಾ ಕಡತದಲ್ಲಿ ನಿಮ್ಮ ಮಿಂಚಂಚೆ ವಿಳಾಸವನ್ನೂ ಕೊಡಿ.

ಬಿಟಿಆರ್‌ಎಫ್‌ಎಸ್ ಮತ್ತು ಜಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಗಳು ಒಂದು ಹೆಜ್ಜೆ ಮುಂದಿವೆ. ಸಾಮಾನ್ಯ ಮಿರರ್‌ನಲ್ಲಿ ಎರಡು ಪ್ರತಿಗಳು ಸದ್ದಿಲ್ಲದೆ ಬೇರೆಯಾದರೆ ಯಾವುದು ಸರಿ ಎಂಬುದು ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ಇವುಗಳು ಪ್ರತಿ ತುಣುಕಿಗೂ ಚೆಕ್‌ಸಮ್ (ಮಾಹಿತಿ ಬದಲಾಗಿದೆಯೇ ಎಂದು ತಿಳಿಸುವ ಪರೀಕ್ಷಾ ಸಂಖ್ಯೆ) ಬರೆದಿಡುವುದರಿಂದ ತಪ್ಪು ಪ್ರತಿಯನ್ನು ಗುರುತಿಸಿ, ಸರಿಯಾದ ಪ್ರತಿಯಿಂದ ಅದನ್ನು ತಿದ್ದುತ್ತವೆ. ಲಿನಕ್ಸ್ ಚೆನ್ನಾಗಿ ಬಲ್ಲವರಿಗೆ ನಾನು ಇವನ್ನೇ ಸೂಚಿಸುತ್ತೇನೆ.

ತಾಲೀಮು

ಮಿರರ್ ಸಿದ್ಧವಾಯಿತು, ಆದರೆ ಅಮೂಲ್ಯ ಕಡತಗಳನ್ನು ಇನ್ನೂ ಹಾಕಬೇಡಿ. ಪರೀಕ್ಷೆಗೆಂದು ಕೆಲವು ಗಿಗಾಬೈಟ್ ಚಿತ್ರಗಳನ್ನೋ ವಿಡಿಯೋಗಳನ್ನೋ ನಕಲಿಸಿ, ಕಂಪ್ಯೂಟರನ್ನು ಮೇಲೆ ಹೇಳಿದಂತೆ ಪೂರ್ತಿ ಆರಿಸಿ, ಒಂದು ಡಿಸ್ಕ್‌ನ ಡೇಟಾ ಮತ್ತು ವಿದ್ಯುತ್ ಕೇಬಲ್ ಎರಡನ್ನೂ ತೆಗೆದು ಮತ್ತೆ ಚಾಲೂ ಮಾಡಿ. ಡ್ರೈವ್ ಎಂದಿನ ಅಕ್ಷರದಲ್ಲೇ ಕಾಣಬೇಕು, ಕಡತಗಳು ತೆರೆಯಬೇಕು, ಸ್ಟೋರೇಜ್ ಸ್ಪೇಸಸ್ ಪುಟದಲ್ಲಿ ರಕ್ಷಣೆ ಕುಗ್ಗಿದೆ ಎಂಬ ಹಳದಿ ಎಚ್ಚರಿಕೆ ಇರಬೇಕು. ಆ ಎಚ್ಚರಿಕೆ ಎಲ್ಲಿ, ಯಾವ ರೂಪದಲ್ಲಿ ಬರುತ್ತದೆ ಎಂದು ಕಣ್ಣಾರೆ ನೋಡಿಕೊಳ್ಳುವುದು ಈ ತಾಲೀಮಿನ ಮುಖ್ಯ ಲಾಭ. ಕಾಣೆಯಾಗಿದೆ ಎಂದು ಪರದೆ ತೋರಿಸುವ ಡಿಸ್ಕ್ ನೀವು ಚೀಟಿ ನೋಡಿ ತೆಗೆದದ್ದೇ ಹೌದೇ ಎಂಬುದನ್ನೂ ಹೋಲಿಸಿ.

ನಂತರ ಒಂದು ಹೊಸ ಕಡತ ಬರೆದು, ಆರಿಸಿ, ಅದೇ ಡಿಸ್ಕನ್ನು ಮರಳಿ ಜೋಡಿಸಿ. ವಿಂಡೋಸ್ ಸಾಮಾನ್ಯವಾಗಿ ತಾನಾಗಿಯೇ ದುರಸ್ತಿ ಆರಂಭಿಸುತ್ತದೆ. ಎಂಡಿಎಡಿಎಂನಲ್ಲಿ ಡಿಸ್ಕನ್ನು ನೀವೇ ಮರುಸೇರಿಸಬೇಕಾಗಬಹುದು, ಬಿಟ್‌ಮ್ಯಾಪ್ (ಎಲ್ಲೆಲ್ಲಿ ಬರೆಯಲಾಗಿದೆ ಎಂಬ ಗುರುತಿನ ಪಟ್ಟಿ) ಇದ್ದರೆ ಬದಲಾದ ಭಾಗವನ್ನಷ್ಟೇ ನಕಲಿಸಿ ಬೇಗ ಮುಗಿಸುತ್ತದೆ. ದುರಸ್ತಿ ಪೂರ್ತಿಯಾಗುವವರೆಗೆ ಇನ್ನೊಂದು ಡಿಸ್ಕನ್ನು ಮುಟ್ಟಬೇಡಿ. ಒಂದು ಡಿಸ್ಕ್ ಮಾತ್ರ ಹಾಕಿ ಬರೆದು, ಆಮೇಲೆ ಅದನ್ನು ತೆಗೆದು ಇನ್ನೊಂದನ್ನು ಮಾತ್ರ ಹಾಕಿ ಬರೆದರೆ ಎರಡು ಪ್ರತಿಗಳು ಎರಡು ದಾರಿ ಹಿಡಿಯುತ್ತವೆ, ಅವನ್ನು ಮತ್ತೆ ಒಂದಾಗಿಸುವುದು ಆಗದ ಕೆಲಸ.

ಇಷ್ಟಾದ ಮೇಲೆ ಕಡತಗಳನ್ನು ತುಂಬಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬಲ್ಲಿ ಮಿರರ್‌ನ ವಿಳಾಸ ಕೊಟ್ಟರೆ ಮನೆಯವರು ಎಂದಿನಂತೆ ಉಳಿಸಿದ ಕಡತಗಳೂ ತಾವಾಗಿ ಅಲ್ಲಿಗೇ ಹೋಗುತ್ತವೆ.

ಕಣ್ಗಾವಲು

ಮಿರರ್‌ನ ಒಂದು ಡಿಸ್ಕ್ ಕೆಟ್ಟರೆ ಹೊರನೋಟಕ್ಕೆ ಏನೂ ಬದಲಾಗುವುದಿಲ್ಲ, ಅಪಾಯ ಇರುವುದೇ ಅಲ್ಲಿ. ವಿಂಡೋಸ್ ಸೂಚನೆ ಕಳುಹಿಸುತ್ತದೆ, ಆದರೆ ಹತ್ತಾರು ಸೂಚನೆಗಳ ನಡುವೆ ಅದು ಕಳೆದುಹೋಗುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಕಂಪ್ಯೂಟರ್‌ನೊಂದಿಗೇ ಆರಂಭವಾಗುವಂತೆ ಮಾಡಿ, ಎಚ್ಚರಿಕೆಯ ಧ್ವನಿ ಅಥವಾ ಮಿಂಚಂಚೆಯನ್ನು ಚಾಲೂ ಮಾಡಿ. ತಿಂಗಳಿಗೊಮ್ಮೆ ಸ್ಟೋರೇಜ್ ಸ್ಪೇಸಸ್ ಪುಟ ತೆರೆದು ನೋಡುವುದನ್ನು ಕ್ಯಾಲೆಂಡರ್‌ಗೆ ಹಾಕಿಕೊಳ್ಳಿ, ಅಂದೇ ದೀರ್ಘ ಸ್ವಯಂಪರೀಕ್ಷೆಯನ್ನೂ ಓಡಿಸಿ. ವರ್ಷಗಟ್ಟಲೆ ಯಾರೂ ತೆರೆಯದ ಕಡತದ ಕೆಳಗಿನ ಸೆಕ್ಟರ್ ಕೆಟ್ಟಿದ್ದರೆ ಅದು ಗೊತ್ತಾಗುವುದು ಇನ್ನೊಂದು ಡಿಸ್ಕ್ ಕೆಟ್ಟು ಪೂರ್ತಿ ನಕಲು ಮಾಡುವಾಗ. ತಿಂಗಳ ಓದು ಅದನ್ನು ಮೊದಲೇ ಹೊರಗೆಳೆಯುತ್ತದೆ. ಡೆಬಿಯನ್‌ನಲ್ಲಿ ಎಂಡಿಎಡಿಎಂ ಈ ಪರಿಶೀಲನೆಯನ್ನು ಪ್ರತಿ ತಿಂಗಳ ಮೊದಲ ಭಾನುವಾರ ತಾನೇ ಮಾಡುತ್ತದೆ.

ವಿದ್ಯುತ್ ಹಠಾತ್ತನೆ ಹೋದರೆ ಒಂದು ಡಿಸ್ಕ್‌ಗೆ ಬರೆದದ್ದು ಇನ್ನೊಂದಕ್ಕೆ ಬರೆಯದೇ ಉಳಿದಿರಬಹುದು. ಯುಪಿಎಸ್ ಇದ್ದರೆ, ಅದರ ಯುಎಸ್‌ಬಿ ತಂತಿಯನ್ನೂ ಕಂಪ್ಯೂಟರ್‌ಗೆ ಜೋಡಿಸಿ, ಬ್ಯಾಟರಿ ತಗ್ಗಿದಾಗ ತಾನಾಗಿ ಆರುವಂತೆ ಮಾಡಿದರೆ ಈ ಚಿಂತೆ ಬಹುಮಟ್ಟಿಗೆ ತೀರುತ್ತದೆ.

ಒಂದು ಡಿಸ್ಕ್ ಕೆಟ್ಟಾಗ

ಎಚ್ಚರಿಕೆ ಕಂಡ ಕೂಡಲೇ ಮಾಡಬೇಕಾದದ್ದು ಬ್ಯಾಕಪ್ ಹೊಸದಾಗಿದೆಯೇ ಎಂದು ನೋಡುವುದು. ಇಲ್ಲದಿದ್ದರೆ ಈಗಲೇ ಮಾಡಿ. ಉಳಿದ ಒಂದೇ ಡಿಸ್ಕ್ ಮುಂದಿನ ದುರಸ್ತಿಯಲ್ಲಿ ಗಂಟೆಗಟ್ಟಲೆ ಒಂದೇ ಸಮನೆ ಓದಬೇಕಾಗುತ್ತದೆ, ಹಳೆಯ ಡಿಸ್ಕ್‌ಗೆ ಅದು ಕಠಿಣ ಪರೀಕ್ಷೆ. ನಂತರ 199ನೇ ಸಾಲನ್ನು ನೋಡಿ, ಕೇಬಲ್ ಬದಲಿಸಿ ಪ್ರಯತ್ನಿಸಿ. ಎಷ್ಟೋ ಸಲ ಡಿಸ್ಕ್ ಚೆನ್ನಾಗಿದ್ದು ಕೇಬಲ್ ಸಡಿಲಾಗಿರುತ್ತದೆ. 5, 197, 198ನೇ ಸಾಲುಗಳು ಏರುತ್ತಿದ್ದರೆ, ಅಥವಾ ಕೇಬಲ್ ಬದಲಿಸಿದರೂ ಡಿಸ್ಕ್ ಕಾಣದಿದ್ದರೆ, ಅದನ್ನು ಬದಲಿಸುವ ಕಾಲ ಬಂದಿದೆ.

ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಲಿ. ಸೀರಿಯಲ್ ಸಂಖ್ಯೆಯನ್ನು ಪರದೆಯಲ್ಲಿ ಓದಿ, ಚೀಟಿಯಲ್ಲಿ ಓದಿ, ಎರಡೂ ತಾಳೆಯಾದ ಮೇಲಷ್ಟೇ ಕೆಟ್ಟದ್ದನ್ನು ಬಿಚ್ಚಿ ಆ ಜಾಗಕ್ಕೆ ಹೊಸದನ್ನು ಹಾಕಿ. ಪೋರ್ಟ್ ಖಾಲಿ ಇದ್ದರೆ ಹಳೆಯದನ್ನು ತೆಗೆಯದೆಯೇ ಹೊಸದನ್ನು ಸೇರಿಸುವುದು ಇನ್ನೂ ಒಳ್ಳೆಯದು, ಪೂರ್ತಿ ಸಾಯದ ಡಿಸ್ಕಿನಿಂದಲೂ ಕೆಲವು ಭಾಗಗಳನ್ನು ಓದಿಕೊಳ್ಳಲು ಅವಕಾಶ ಉಳಿಯುತ್ತದೆ. ಸ್ಟೋರೇಜ್ ಸ್ಪೇಸಸ್ ಪುಟದಲ್ಲಿ ಮೊದಲು ಹೊಸ ಡಿಸ್ಕನ್ನು ಪೂಲ್‌ಗೆ ಸೇರಿಸಿ, ದುರಸ್ತಿ ಮುಗಿಯುವವರೆಗೆ ಕಾದು, ಆಮೇಲೆ ಹಳೆಯದನ್ನು ಪೂಲ್‌ನಿಂದ ತೆಗೆಯಿರಿ. ಈ ಕ್ರಮ ಹಿಂದುಮುಂದಾಗಬಾರದು. ದುರಸ್ತಿ ನಡೆಯುತ್ತಿರುವಾಗ ಕಂಪ್ಯೂಟರನ್ನು ಬಳಸಬಹುದಾದರೂ ದೊಡ್ಡ ಕೆಲಸಗಳನ್ನು ಮುಂದಕ್ಕೆ ಹಾಕಿ, ಡಿಸ್ಕ್‌ಗಳ ಬಿಸಿಯನ್ನು ಆಗಾಗ ಗಮನಿಸಿ.

ಪುಟದಲ್ಲಿ ಎಲ್ಲವೂ ಸರಿಯಿದೆ ಎಂಬ ಗುರುತು ಬಂದಾಗ ಹೊಸ ಡಿಸ್ಕ್‌ಗೂ ಚೀಟಿ ಅಂಟಿಸಿ, ಕಾಗದದ ಪಟ್ಟಿಯಲ್ಲಿ ಹಳೆಯ ಸಾಲನ್ನು ಹೊಡೆದುಹಾಕಿ ಹೊಸ ಸಂಖ್ಯೆಯನ್ನು ಬರೆಯಿರಿ. ಉಳಿದ ಇನ್ನೊಂದು ಡಿಸ್ಕ್ ಅದೇ ವಯಸ್ಸಿನದ್ದಾಗಿದ್ದು 9ನೇ ಸಾಲಿನಲ್ಲಿ ಹಲವು ವರ್ಷಗಳಷ್ಟು ಗಂಟೆ ತೋರಿಸುತ್ತಿದ್ದರೆ, ಅದಕ್ಕೂ ಬದಲಿಯೊಂದನ್ನು ಪರೀಕ್ಷಿಸಿ ಸಿದ್ಧವಾಗಿ ಇಟ್ಟುಕೊಳ್ಳಿ.